ಲೆಕ್ಕ ಸರಿ ಇದೆ, ಆದರೆ ದುಡ್ಡು ಏನು ಮಾಡಿತು?

ಉತ್ತರ ಐರ್ಲೆಂಡ್‌ನಲ್ಲಿ 2012ರ ನವೆಂಬರ್‌ನಲ್ಲಿ ಒಂದು ಹಸಿರು ಯೋಜನೆ ಶುರುವಾಯಿತು. ಕಟ್ಟಡಗಳನ್ನು ಬೆಚ್ಚಗಿಡಲು ಎಣ್ಣೆ, ಗ್ಯಾಸ್ ಬಿಟ್ಟು ಮರದ ಪುಡಿ ಒತ್ತಿ ಮಾಡಿದ ಪೆಲೆಟ್ ಉರಿಸುವ ಬಾಯ್ಲರ್ ಹಾಕಿಸಿಕೊಂಡರೆ ಸಬ್ಸಿಡಿ. ಬಾಯ್ಲರ್ ಎಷ್ಟು ಯೂನಿಟ್ ಶಾಖ ಕೊಡುತ್ತದೋ ಅಷ್ಟಕ್ಕೆ ದುಡ್ಡು, ಅದೂ 20 ವರ್ಷದ ಖಾತರಿಯೊಂದಿಗೆ. ಮಧ್ಯಮ ಗಾತ್ರದ ಬಾಯ್ಲರ್‌ಗೆ ನಿಗದಿಯಾದ ದರ ಯೂನಿಟ್‌ಗೆ 5.9 ಪೆನ್ಸ್. ಒಂದು ಯೂನಿಟ್ ಶಾಖಕ್ಕೆ ಬೇಕಾಗುವ ಪೆಲೆಟ್‌ನ ಖರ್ಚು ಎಂದು ಸಲಹೆಗಾರರು ಲೆಕ್ಕ ಹಾಕಿದ್ದು 4.39 ಪೆನ್ಸ್. ಉರಿಸಿದಷ್ಟೂ ಲಾಭ! ಬಿಸಿ ಬೇಕಾ ಬೇಡವಾ ಎನ್ನುವುದು ಆಮೇಲಿನ ಮಾತು.

ಬ್ರಿಟನ್‌ನ ಉಳಿದ ಭಾಗದಲ್ಲೂ ಇಂಥದ್ದೇ ಯೋಜನೆ ಇತ್ತು. ಅಲ್ಲಿ ವರ್ಷಕ್ಕೆ 1,314 ಗಂಟೆ ಉರಿಸಿದ ಮೇಲೆ ದರ ಸರ್ರನೆ ಇಳಿಯುತ್ತಿತ್ತು. ಉತ್ತರ ಐರ್ಲೆಂಡ್‌ನವರು ಯೋಜನೆಯನ್ನು ನಕಲು ಮಾಡುವಾಗ ಆ ನಿಯಮವನ್ನು ಬಿಟ್ಟರು. 100 ಕಿಲೋವಾಟ್ ಮುಟ್ಟಿದರೆ ದರ ಕಡಿಮೆ ಎಂದಿದ್ದರಿಂದ ಜನ 99 ಕಿಲೋವಾಟ್‌ನ ಬಾಯ್ಲರ್‌ಗಳನ್ನೇ ಒಂದರ ಪಕ್ಕ ಒಂದು ಕೂರಿಸಿದರು. ಒಬ್ಬ ರೈತ ಖಾಲಿ ಶೆಡ್ಡನ್ನು ಬಿಸಿ ಮಾಡಿ 20 ವರ್ಷದಲ್ಲಿ ಸುಮಾರು 10 ಲಕ್ಷ ಪೌಂಡ್ ಮಾಡಿಕೊಳ್ಳುವ ಲೆಕ್ಕದಲ್ಲಿದ್ದಾನೆ ಎಂಬ ಅನಾಮಧೇಯ ದೂರೂ ಬಂತು. ದರ ಇಳಿಸುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, 2015ರಲ್ಲಿ ಅರ್ಜಿಗಳು ಮುಗಿಬಿದ್ದವು. ಮರುವರ್ಷ ಫೆಬ್ರುವರಿಯಲ್ಲಿ ಯೋಜನೆಯ ಬಾಗಿಲು ಮುಚ್ಚಬೇಕಾಯಿತು. ಆಗಿನ ಅಂದಾಜಿನಂತೆ 20 ವರ್ಷದಲ್ಲಿ ಬೀಳಬಹುದಾಗಿದ್ದ ಹೆಚ್ಚುವರಿ ಹೊರೆ ಸುಮಾರು 49 ಕೋಟಿ ಪೌಂಡ್. ಇದರ ಗಲಾಟೆಯಲ್ಲಿ 2017ರ ಜನವರಿಯಲ್ಲಿ ಉಪ ಪ್ರಥಮ ಮಂತ್ರಿ ಮಾರ್ಟಿನ್ ಮೆಕ್‌ಗಿನ್ನೆಸ್ ರಾಜೀನಾಮೆ ಕೊಟ್ಟರು, ಸರ್ಕಾರ ಬಿತ್ತು. ಮೂರು ವರ್ಷ ಅಲ್ಲಿ ಸರ್ಕಾರವೇ ಇರಲಿಲ್ಲ.

ಈಗ ಒಬ್ಬ ಸಾಮಾನ್ಯ ಆಡಿಟರ್ ಅಲ್ಲಿಗೆ ಹೋಗಿ ಕಡತ ತೆರೆದರು ಅಂದುಕೊಳ್ಳಿ. ಬಾಯ್ಲರ್ ಇದೆಯಾ? ಇದೆ. ಮೀಟರ್ ಓದಿದ್ದು ಸರಿಯಾ? ಸರಿ. ದರ ಆದೇಶದಲ್ಲಿದ್ದದ್ದೇನಾ? ಹೌದು. ಸಹಿ, ದಿನಾಂಕ, ಬ್ಯಾಂಕ್ ಖಾತೆ ಎಲ್ಲ ಪಕ್ಕಾ. ಒಂದೇ ಒಂದು ಆಬ್ಜೆಕ್ಷನ್ ಬರೆಯಲು ಜಾಗವಿಲ್ಲ. ಮುಂದೆ ನ್ಯಾಯಮೂರ್ತಿ ಪ್ಯಾಟ್ರಿಕ್ ಕಾಗ್ಲಿನ್ ಅವರ ವಿಚಾರಣಾ ವರದಿ 2020ರಲ್ಲಿ ಬಂದಾಗ, ಇಷ್ಟೆಲ್ಲ ಆದದ್ದಕ್ಕೆ ಭ್ರಷ್ಟಾಚಾರ ಕಾರಣವಲ್ಲ ಎಂದೇ ಹೇಳಿತು. ಕದ್ದವರು ಯಾರೂ ಇಲ್ಲದೆ ಹಣ ಹೋಗಿತ್ತು.

ಇಂಧನ ಮತ್ತು ಪರಿಸರದ ಯೋಜನೆಗಳ ಆಡಿಟ್ ಕಷ್ಟವಾಗುವುದು ಇಲ್ಲೇ. ನಿಯಮದ ಪ್ರಕಾರವೇ ಖರ್ಚಾದ ದುಡ್ಡು ಪೂರ್ತಿ ದಂಡವಾಗಬಹುದು. ರಸ್ತೆ ಹಾಕಿದರೆ ರಸ್ತೆ ಕಾಣುತ್ತದೆ, ದಪ್ಪ ಅಳೆಯಬಹುದು. ಗಾಳಿಗೆ ಸೇರದೇ ಹೋದ ಇಂಗಾಲವನ್ನು, ಕಡಿಯದೇ ಉಳಿದ ಕಾಡನ್ನು, ಒಲೆಯಿಂದ ಏಳದೇ ಹೋದ ಹೊಗೆಯನ್ನು ಹೇಗೆ ಅಳೆಯುವುದು? ಅಳೆಯಲು ಕಷ್ಟ ಅಂತ ಇಲಾಖೆಗಳು ಸುಲಭವಾದದ್ದನ್ನು ಎಣಿಸುತ್ತವೆ. ಎಷ್ಟು ಬಾಯ್ಲರ್, ಎಷ್ಟು ಸಸಿ, ಎಷ್ಟು ಸಂಪರ್ಕ, ಎಷ್ಟು ಕೋಟಿ. ಆಡಿಟರ್ ಕೂಡ ಅದನ್ನೇ ಎಣಿಸಿ ಎದ್ದು ಬಂದರೆ ಎಲ್ಲರಿಗೂ ನೆಮ್ಮದಿ.

ಸರ್ಕಾರಿ ಆಡಿಟ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಲೆಕ್ಕದ ಪುಸ್ತಕ ಸರಿಯಿದೆಯಾ ಅಂತ ನೋಡುವುದು ಒಂದು. ಕಾನೂನು, ನಿಯಮ ಪಾಲಿಸಿದ್ದಾರಾ ಅಂತ ನೋಡುವುದು ಇನ್ನೊಂದು. ಮೂರನೆಯದು ಕಾರ್ಯಕ್ಷಮತೆಯ ಆಡಿಟ್. ಕಡಿಮೆ ದುಡ್ಡಿಗೆ ಸಿಕ್ಕಿತಾ, ಪೋಲಾಗದೆ ಬಳಕೆಯಾಯಿತಾ, ಕೊನೆಗೆ ಅಂದುಕೊಂಡ ಫಲ ಬಂತಾ ಎಂದು ಕೇಳುವುದು ಇದು. ಸರ್ಕಾರಿ ಖರ್ಚನ್ನು ಆಡಿಟ್ ಮಾಡುವ ಸಂಸ್ಥೆಗಳಾದ ಅಮೆರಿಕದ ಜಿಎಒ, ಭಾರತದ ಸಿಎಜಿ, ಬ್ರಿಟನ್ನಿನ ಎನ್‌ಎಒ, ಲಕ್ಸೆಂಬರ್ಗ್‌ನಲ್ಲಿರುವ ಯುರೋಪಿಯನ್ ಕೋರ್ಟ್ ಆಫ್ ಆಡಿಟರ್ಸ್, ಎಲ್ಲವೂ ಇದನ್ನು ಮಾಡುತ್ತವೆ. ಪರಿಸರದ ವಿಷಯದಲ್ಲಿ ನಿಜವಾದ ಸುದ್ದಿ ಇರುವುದು ಈ ಮೂರನೇ ಬಗೆಯ ವರದಿಗಳಲ್ಲೇ.

ಹಾಗಂತ ಮೊದಲೆರಡು ದಂಡ ಅನ್ನಬೇಡಿ. ಕೆನಡಾದಲ್ಲಿ ಹಸಿರು ತಂತ್ರಜ್ಞಾನದ ಕಂಪನಿಗಳಿಗೆ ಸರ್ಕಾರದ ಹಣ ಹಂಚುವ ಒಂದು ಪ್ರತಿಷ್ಠಾನವಿತ್ತು, ಸಸ್ಟೈನಬಲ್ ಡೆವಲಪ್‌ಮೆಂಟ್ ಟೆಕ್ನಾಲಜಿ ಕೆನಡಾ ಅಂತ. 2024ರ ಜೂನ್‌ನಲ್ಲಿ ಆಡಿಟರ್ ಜನರಲ್ ಕ್ಯಾರೆನ್ ಹೋಗನ್ ವರದಿ ಕೊಟ್ಟರು. ಅರ್ಹತೆಯೇ ಇಲ್ಲದ 10 ಯೋಜನೆಗಳಿಗೆ 5.9 ಕೋಟಿ ಡಾಲರ್ ಹೋಗಿತ್ತು. ಸ್ವಹಿತಾಸಕ್ತಿಯ ನಿಯಮ ಪಾಲಿಸದ 90 ಪ್ರಕರಣಗಳು ಸಿಕ್ಕವು. ಸರ್ಕಾರ ಆ ಪ್ರತಿಷ್ಠಾನವನ್ನೇ ಮುಚ್ಚಿ, ಕೆಲಸವನ್ನು ರಾಷ್ಟ್ರೀಯ ಸಂಶೋಧನಾ ಮಂಡಳಿಗೆ ವಹಿಸುವುದಾಗಿ ಹೇಳಿತು. ಇದು ಹಳೆಯ ಕಾಲದ ಕಡತ ನೋಡುವ ಕೆಲಸವೇ. ಹೆಸರಲ್ಲಿ ಹಸಿರು ಇದ್ದರೆ ಜನ ಜಾಸ್ತಿ ಪ್ರಶ್ನೆ ಕೇಳುವುದಿಲ್ಲ, ಅಲ್ವಾ? ಅಂಥ ಕಡೆ ಕಡತ ನೋಡುವವರೂ ಬೇಕು.

ಈಗ ಎಣಿಕೆಯ ವಿಷಯಕ್ಕೆ ಬರೋಣ. ಭಾರತದ ಉಜ್ವಲಾ ಯೋಜನೆ 2016ರ ಮೇ ತಿಂಗಳಲ್ಲಿ ಶುರುವಾಯಿತು. ಬಡ ಮನೆಗಳ ಹೆಣ್ಣುಮಕ್ಕಳ ಹೆಸರಿನಲ್ಲಿ ಗ್ಯಾಸ್ ಸಂಪರ್ಕ. ಮೊದಲ ಗುರಿ 5 ಕೋಟಿ, ಆಮೇಲೆ 8 ಕೋಟಿ. ಗುರಿಯನ್ನು 2019ರ ಸೆಪ್ಟೆಂಬರ್ ಹೊತ್ತಿಗೆ, ಅವಧಿಗೆ ಮುಂಚೆಯೇ, ಮುಟ್ಟಿತು. ಎಣಿಕೆ ನೋಡಿದರೆ ಭರ್ಜರಿ ಯಶಸ್ಸು. ಆದರೆ ಯೋಜನೆಯ ಉದ್ದೇಶ ಮನೆಮನೆಗೆ ಸಿಲಿಂಡರ್ ತಲುಪಿಸುವುದಷ್ಟೇ ಆಗಿರಲಿಲ್ಲ. ಸೌದೆ ಹೊಗೆ ನಿಲ್ಲಬೇಕಿತ್ತು. ಸಿಎಜಿ 2019ರ ವರದಿಯಲ್ಲಿ ಕೇಳಿದ ಒಂದು ಮುಖ್ಯ ಪ್ರಶ್ನೆ: ಸಿಲಿಂಡರ್ ಖಾಲಿಯಾದ ಮೇಲೆ ಮತ್ತೆ ತುಂಬಿಸಿದರಾ?

ಸಂಪರ್ಕ ಸಿಕ್ಕಿ ವರ್ಷ ದಾಟಿದ 1.93 ಕೋಟಿ ಮನೆಗಳ ಸರಾಸರಿ ವರ್ಷಕ್ಕೆ 3.66 ರೀಫಿಲ್. ಸಬ್ಸಿಡಿಯಲ್ಲಿ 12ರವರೆಗೆ ಸಿಗುತ್ತಿತ್ತು. ಅಂದರೆ ಬಹುಪಾಲು ಅಡುಗೆ ಇನ್ನೂ ಸೌದೆ ಒಲೆಯಲ್ಲೇ ಆಗುತ್ತಿತ್ತು. ಅದೇ ವರದಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಸಂಗತಿಯೂ ಇದೆ. 1.98 ಲಕ್ಷ ಫಲಾನುಭವಿಗಳ ಸರಾಸರಿ ಬಳಕೆ ವರ್ಷಕ್ಕೆ 12 ಸಿಲಿಂಡರ್‌ಗಿಂತ ಜಾಸ್ತಿ. ಬಡ ಮನೆಯೊಂದು ಅಷ್ಟು ಗ್ಯಾಸ್ ಉರಿಸುವುದು ನಂಬುವ ಮಾತಲ್ಲ, ಇದು ವಾಣಿಜ್ಯ ಬಳಕೆಗೆ ಹೋಗುತ್ತಿರಬಹುದು ಎಂಬ ಅನುಮಾನ. ಎಲ್ಲರೂ ಸಂಪರ್ಕ ಎಣಿಸುತ್ತಿದ್ದಾಗ ಆಡಿಟರ್ ರೀಫಿಲ್ ಎಣಿಸಿದರು. ಆಗ ಕಂಡ ಚಿತ್ರವೇ ಬೇರೆ. ಮುಂದೆ 2022ರಿಂದ ಸರ್ಕಾರ ಉಜ್ವಲಾ ಮನೆಗಳಿಗೆ ಪ್ರತಿ ರೀಫಿಲ್‌ಗೆ 200 ರೂಪಾಯಿ, 2023ರ ಅಕ್ಟೋಬರ್‌ನಿಂದ 300 ರೂಪಾಯಿ ಸಬ್ಸಿಡಿ ಕೊಡತೊಡಗಿತು. ಸರಾಸರಿ ನಿಧಾನವಾಗಿ ನಾಲ್ಕರ ಹತ್ತಿರ ಬಂತು.

ಯುರೋಪಿನಲ್ಲಿ ಎಣಿಕೆಯ ಆಟ ಇನ್ನೂ ನಾಜೂಕು. 2014ರಿಂದ 2020ರವರೆಗಿನ ಬಜೆಟ್‌ನಲ್ಲಿ ಐದರಲ್ಲೊಂದು ಪಾಲು ಹವಾಮಾನಕ್ಕೆ ಎಂದು ಯುರೋಪಿಯನ್ ಒಕ್ಕೂಟ ಹೇಳಿಕೊಂಡಿತ್ತು. ಅವಧಿ ಮುಗಿದ ಮೇಲೆ 21,600 ಕೋಟಿ ಯೂರೋ ಖರ್ಚಾಗಿದೆ, ಗುರಿ ಮುಟ್ಟಿದ್ದೇವೆ ಎಂದು ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗ ಪ್ರಕಟಿಸಿತು. ಈ ಮೊತ್ತ ಹೇಗೆ ಬಂತು? ಪ್ರತಿ ಬಾಬ್ತಿಗೂ ಒಂದು ಚೀಟಿ ಅಂಟಿಸುತ್ತಾರೆ. ಹವಾಮಾನಕ್ಕೆ ನೇರವಾಗಿ ನೆರವಾದರೆ ಶೇ 100, ಒಂದಷ್ಟು ನೆರವಾದರೆ ಶೇ 40, ಇಲ್ಲದಿದ್ದರೆ ಸೊನ್ನೆ. ಶೇ 40ರ ಚೀಟಿ ಬಿದ್ದ 100 ಯೂರೋದಲ್ಲಿ 40 ಯೂರೋ ಹವಾಮಾನದ ಲೆಕ್ಕಕ್ಕೆ ಸೇರುತ್ತದೆ. ಚೀಟಿ ಅಂಟಿಸುವುದು ಯೋಜನೆ ಬರೆಯುವಾಗ. ಆಮೇಲೆ ಹೊಗೆ ಕಡಿಮೆಯಾಯಿತೋ ಜಾಸ್ತಿಯಾಯಿತೋ, ಚೀಟಿ ಬದಲಾಗುವುದಿಲ್ಲ.

ಕೋರ್ಟ್ ಆಫ್ ಆಡಿಟರ್ಸ್ 2022ರಲ್ಲಿ ಈ ಚೀಟಿಗಳನ್ನು ಒಂದೊಂದಾಗಿ ಕಿತ್ತು ನೋಡಿತು. ಕನಿಷ್ಠ 7,200 ಕೋಟಿ ಯೂರೋ ಉಬ್ಬಿಸಿ ತೋರಿಸಿದ್ದು, ನಿಜವಾದ ಪಾಲು ಶೇ 20 ಅಲ್ಲ, ಸುಮಾರು ಶೇ 13 ಎಂದಿತು. ಉಬ್ಬಿಸಿದ್ದರಲ್ಲಿ ಶೇ 80ಕ್ಕಿಂತ ಹೆಚ್ಚು ಕೃಷಿ ಬಾಬ್ತಿನದು. ಇದಕ್ಕೆ ಒಂದು ವರ್ಷ ಮುಂಚೆ ಅದೇ ಸಂಸ್ಥೆ ಇನ್ನೊಂದು ವರದಿ ಕೊಟ್ಟಿತ್ತು. ಹವಾಮಾನದ ಹೆಸರಿನಲ್ಲಿ 10,000 ಕೋಟಿ ಯೂರೋಗೂ ಮಿಕ್ಕಿ ಕೃಷಿಗೆ ಹೋದರೂ, ಕೃಷಿಯಿಂದ ಬರುವ ಹಸಿರುಮನೆ ಅನಿಲ 2010ರಿಂದ ಹೆಚ್ಚುಕಡಿಮೆ ಅಲ್ಲೇ ನಿಂತಿದೆ ಎಂದು. ಆ ವರದಿಯಲ್ಲಿ ಒಂದು ವಿವರ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಜೌಗು ಒಣಗಿಸಿ ಮಾಡಿದ ಪೀಟ್ (ಅರೆಕೊಳೆತ ಗಿಡಗಂಟಿಯ, ಇಂಗಾಲ ತುಂಬಿದ ಮಣ್ಣು) ಹೊಲಗಳು ಒಕ್ಕೂಟದ ಕೃಷಿಭೂಮಿಯಲ್ಲಿ ಶೇ 2ಕ್ಕಿಂತ ಕಡಿಮೆ. ಆದರೆ ಕೃಷಿಯ ಹಸಿರುಮನೆ ಅನಿಲದಲ್ಲಿ ಅವುಗಳ ಪಾಲು ಶೇ 20. ದುಡ್ಡು ಎಲ್ಲಿ ಹಾಕಬೇಕಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸುಳಿವು ಬೇಕಾ? ಆ ನೆಲವನ್ನು ಮತ್ತೆ ನೆನೆಸಲು ಹೋದ ಹಣ ತೀರಾ ಕಡಿಮೆ.

ಇನ್ನು ಕೆಲವು ಕಡೆ ದುಡ್ಡು ಗುರಿ ತಪ್ಪುವುದು ಖರ್ಚಾಗುವ ಮುಂಚೆಯೇ. ಭಾರತ 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್‌ಗೆ 50 ರೂಪಾಯಿ ಸೆಸ್ ಹಾಕಿತು. ಶುದ್ಧ ಇಂಧನಕ್ಕೆ ಒಂದು ನಿಧಿ ಕಟ್ಟುವುದು ಉದ್ದೇಶ. 2016ರ ಹೊತ್ತಿಗೆ ಸೆಸ್ 400 ರೂಪಾಯಿಗೆ ಏರಿತು. 2010-11ರಿಂದ 2017-18ರವರೆಗೆ ಸಂಗ್ರಹವಾದದ್ದು 86,440 ಕೋಟಿ ರೂಪಾಯಿ. ಅದರಲ್ಲಿ ನಿಧಿಗೆ ಸೇರಿದ್ದು 29,645 ಕೋಟಿ. ಯೋಜನೆಗಳಿಗೆ ಹೋದದ್ದು 15,911 ಕೋಟಿ. 2017ರಲ್ಲಿ ಜಿಎಸ್‌ಟಿ ಬಂದಾಗ ಈ ಸೆಸ್ಸೇ ರಾಜ್ಯಗಳಿಗೆ ಪರಿಹಾರ ಕೊಡುವ ಸೆಸ್ಸಾಗಿ ಬದಲಾಯಿತು. ಇಲ್ಲಿ ಕಾನೂನು ಮುರಿದದ್ದೇನೂ ಇಲ್ಲ. ಸಂಸತ್ತೇ ಒಪ್ಪಿದ ದಾರಿ ಅದು. ಆದರೂ ಯೋಜನೆಗೆ ಹೋದ 15,911 ಕೋಟಿಯನ್ನಷ್ಟೇ ಆಡಿಟ್ ಮಾಡಿದರೆ ಉಳಿದ 70,000 ಕೋಟಿಯ ಕಥೆ ಹೊರಗೇ ಉಳಿಯುತ್ತದೆ.

ಕಾಡಿನ ಕಥೆಯೂ ಹೀಗೇ. ಗಣಿಗೋ ಅಣೆಕಟ್ಟೆಗೋ ಕಾಡು ಬಿಟ್ಟುಕೊಟ್ಟರೆ ಬದಲಿಗೆ ಬೇರೆ ಜಮೀನು ಕೊಟ್ಟು, ಗಿಡ ನೆಟ್ಟು, ದುಡ್ಡನ್ನೂ ಕಟ್ಟಬೇಕು. 2006ರಿಂದ 2012ರವರೆಗಿನ ಲೆಕ್ಕವನ್ನು ಸಿಎಜಿ 2013ರಲ್ಲಿ ಮುಂದಿಟ್ಟಿತು. ಬರಬೇಕಿದ್ದ ಅರಣ್ಯೇತರ ಜಮೀನು ಸುಮಾರು 1.03 ಲಕ್ಷ ಹೆಕ್ಟೇರ್. ಬಂದದ್ದು ಸುಮಾರು 28,000. ಅಂಥ ಜಮೀನಿನಲ್ಲಿ ಗಿಡ ನೆಟ್ಟದ್ದು ಸುಮಾರು 7,300 ಹೆಕ್ಟೇರ್‌ನಲ್ಲಿ. ಅದೇ ಹೊತ್ತಿಗೆ ನಿಧಿಯಲ್ಲಿ ಸಾವಿರಾರು ಕೋಟಿ ಬಿದ್ದುಕೊಂಡಿತ್ತು. ದುಡ್ಡು ಖಾತೆಯಲ್ಲಿ ಭದ್ರವಾಗಿದೆ ಎನ್ನುವುದು ಹಣಕಾಸಿನ ಆಡಿಟ್‌ಗೆ ಒಳ್ಳೆಯ ಸುದ್ದಿ, ಕಾಡಿಗೆ ಕೆಟ್ಟ ಸುದ್ದಿ.

ಇಷ್ಟೆಲ್ಲ ಓದಿದಾಗ ಆಡಿಟರ್‌ಗಳು ಇನ್ನೂ ಬಿಗಿಯಾಗಬೇಕು, ಸೋತ ಪ್ರತಿ ಯೋಜನೆಗೂ ಕಿವಿ ಹಿಂಡಬೇಕು ಅನ್ನಿಸುವುದು ಸಹಜ. ನನಗೆ ಇದರಲ್ಲಿ ಅನುಮಾನವಿದೆ. ಅಮೆರಿಕದ ಸೋಲಿಂಡ್ರಾ ಪ್ರಕರಣ ನೋಡಿ. ಈ ಸೋಲಾರ್ ಕಂಪನಿಗೆ 2009ರಲ್ಲಿ ಸರ್ಕಾರದ ಇಂಧನ ಇಲಾಖೆ 53.5 ಕೋಟಿ ಡಾಲರ್ ಸಾಲಕ್ಕೆ ಖಾತರಿ ಕೊಟ್ಟಿತು. ಅದರ ಪ್ಯಾನೆಲ್‌ಗಳು ಸಿಲಿಕಾನ್ ಬಳಸದ ಕೊಳವೆಗಳಂತಿದ್ದವು. ಸಿಲಿಕಾನ್ ದುಬಾರಿಯಾಗಿರುವವರೆಗೆ ಮಾತ್ರ ಆ ವ್ಯವಹಾರ ನಡೆಯುತ್ತಿತ್ತು. ಸಿಲಿಕಾನ್ ಬೆಲೆ ಕುಸಿಯಿತು, 2011ರಲ್ಲಿ ಕಂಪನಿ ದಿವಾಳಿ. ವರ್ಷಗಟ್ಟಲೆ ರಾಜಕೀಯ ಗದ್ದಲ. ಅದೇ ಇಂಧನ ಇಲಾಖೆ ಇನ್ನೊಂದು ಯೋಜನೆಯಲ್ಲಿ ಟೆಸ್ಲಾಗೆ 46.5 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಟೆಸ್ಲಾ ಅದನ್ನು 2013ರಲ್ಲಿ, ಒಂಬತ್ತು ವರ್ಷ ಮುಂಚೆಯೇ, ತೀರಿಸಿತು. ಇಲಾಖೆಯದೇ ಲೆಕ್ಕದಲ್ಲಿ ಸಾಲಗಳ ಒಟ್ಟು ನಷ್ಟ ಶೇ 3ರ ಆಸುಪಾಸು. ಬ್ಯಾಂಕು ಕೈಹಾಕದ ಹೊಸ ತಂತ್ರಜ್ಞಾನಕ್ಕೆ ಸಾಲ ಕೊಡುವುದೇ ಯೋಜನೆಯ ಕೆಲಸವಾದಾಗ, ಒಂದೂ ಸಾಲ ಮುಳುಗಲಿಲ್ಲ ಅಂದರೆ ಅದು ಕೆಲಸ ಮಾಡುತ್ತಿಲ್ಲ ಅಂತಲೇ ಅರ್ಥ.

ಹಾಗಾದರೆ ಆಡಿಟರ್ ಸುಮ್ನೆ ಕೂರಬೇಕಾ? ಇಲ್ಲ. ಜಿಎಒ 2010ರಲ್ಲೇ, ಸೋಲಿಂಡ್ರಾ ಮುಳುಗುವ ಒಂದು ವರ್ಷ ಮೊದಲೇ, ಒಂದು ಮಾತು ಹೇಳಿತ್ತು. ಬೇಕಾದ ಪರಿಶೀಲನೆಗಳು ಮುಗಿಯುವ ಮುಂಚೆಯೇ ಕೆಲವು ಅರ್ಜಿದಾರರಿಗೆ ಇಲಾಖೆ ಷರತ್ತಿನ ಒಪ್ಪಿಗೆ ಕೊಟ್ಟುಬಿಟ್ಟಿದೆ ಎಂದು. ಕಂಪನಿ ಗೆಲ್ಲುತ್ತದಾ ಸೋಲುತ್ತದಾ ಎಂಬ ಪ್ರಶ್ನೆಗೆ ಆಡಿಟರ್ ಕೈಹಾಕಲಿಲ್ಲ. ನಿರ್ಧಾರ ಹೇಗೆ ತೆಗೆದುಕೊಂಡರು ಎಂಬುದನ್ನು ನೋಡಿದರು. ನನ್ನ ಪ್ರಕಾರ ಆಡಿಟ್‌ನ ಸರಿಯಾದ ಜಾಗ ಅದೇ.

ಸೋಲಿಗಿಂತ ದೊಡ್ಡ ತಪ್ಪು, ಸೋಲು ಕಂಡ ಮೇಲೂ ನಿಲ್ಲಿಸದೇ ಇರುವುದು. ಇದಕ್ಕೆ ಜಿಎಒದ 2021ರ ವರದಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕಲ್ಲಿದ್ದಲು ಸ್ಥಾವರಗಳ ಹೊಗೆಯಿಂದ ಇಂಗಾಲ ಹಿಡಿದು ನೆಲದೊಳಗೆ ಹೂಳುವ ಎಂಟು ಯೋಜನೆಗಳಿಗೆ ಇಂಧನ ಇಲಾಖೆ ಸುಮಾರು 68.4 ಕೋಟಿ ಡಾಲರ್ ಕೊಟ್ಟಿತ್ತು. ಓಡಿದ್ದು ಒಂದೇ ಒಂದು, ಟೆಕ್ಸಾಸ್‌ನ ಪೆಟ್ರಾ ನೋವಾ. ಅದೂ 2020ರಲ್ಲಿ ನಿಂತು, 2023ರಲ್ಲಿ ಮತ್ತೆ ಶುರುವಾಯಿತು. ಕಟ್ಟಲೇ ಇಲ್ಲದ ನಾಲ್ಕು ಸ್ಥಾವರಗಳ ವಿನ್ಯಾಸಕ್ಕೇ ಸುಮಾರು 47.2 ಕೋಟಿ ಡಾಲರ್ ಹೋಗಿತ್ತು. ಆ ಹಂತಕ್ಕೆ ಅಂದುಕೊಂಡದ್ದಕ್ಕಿಂತ ಇದು ಸುಮಾರು 30 ಕೋಟಿ ಡಾಲರ್ ಜಾಸ್ತಿ. ಮೈಲಿಗಲ್ಲು ಮುಟ್ಟದಿದ್ದರೂ ಹಣ ಕೊಡುತ್ತಾ ಹೋಗಿ ಎಂದು ಮೇಲಿನವರೇ ಸೂಚಿಸಿದ್ದರು. ಒಪ್ಪಂದ ಕುದುರಿಸಲು ಸಾಮಾನ್ಯವಾಗಿ ಒಂದು ವರ್ಷದವರೆಗೆ ತೆಗೆದುಕೊಳ್ಳುವವರು ಇಲ್ಲಿ ಮೂರೇ ತಿಂಗಳಲ್ಲಿ ಮುಗಿಸಿದ್ದರು. ಸೋಲಿಂಡ್ರಾ ಹೆಸರು ಎಲ್ಲರಿಗೂ ಗೊತ್ತು. ಈ ನಾಲ್ಕು ಸ್ಥಾವರಗಳ ಹೆಸರು ಯಾರಿಗೆ ನೆನಪಿದೆ?

ಅವಸರ ಅಂದಾಗ ಬ್ರಿಟನ್ನಿನ ಗ್ರೀನ್ ಹೋಮ್ಸ್ ಗ್ರಾಂಟ್ ನೆನಪಾಗುತ್ತದೆ. ಕೋವಿಡ್ ಕಾಲದಲ್ಲಿ ಮನೆಗಳಿಗೆ ಶಾಖ ತಡೆಯುವ ಹೊದಿಕೆ, ಹೀಟ್ ಪಂಪ್ ಹಾಕಿಸಲು ವೋಚರ್. ತಯಾರಿಗೆ ಕೊಟ್ಟದ್ದು 12 ವಾರ. 150 ಕೋಟಿ ಪೌಂಡ್, 6 ಲಕ್ಷ ಮನೆ ಎಂಬ ಗುರಿ. ಆರು ತಿಂಗಳಲ್ಲೇ ಯೋಜನೆ ಬಂದ್. 2021ರಲ್ಲಿ ಎನ್‌ಎಒ ಅಂದಾಜು ಮಾಡಿದ್ದು 47,500 ಮನೆ, 31.4 ಕೋಟಿ ಪೌಂಡ್. ಅದರಲ್ಲಿ ಆಡಳಿತದ ಖರ್ಚೇ ಸುಮಾರು 5 ಕೋಟಿ, ಅಂದರೆ ಮನೆಗೆ 1,000 ಪೌಂಡ್‌ಗೂ ಜಾಸ್ತಿ. ಕೆಲಸ ಮಾಡಲು ಪ್ರಮಾಣಪತ್ರ ಇರುವ ಕೆಲಸಗಾರರೇ ಸಾಕಷ್ಟು ಇರಲಿಲ್ಲ. ಅಷ್ಟು ಬೇಗ ತಯಾರಾಗಲ್ಲ ಅನ್ನುವುದು ಮೊದಲೇ ಗೊತ್ತಾಗಬೇಕಾದ ಸಂಗತಿ.

ಆಡಿಟ್‌ಗೆ ಇನ್ನೂ ಒಂದು ಪ್ರಶ್ನೆ ಕಬ್ಬಿಣದ ಕಡಲೆ. ಸರ್ಕಾರ ದುಡ್ಡು ಕೊಡದಿದ್ದರೂ ಈ ಕೆಲಸ ಆಗುತ್ತಿತ್ತಾ? ಹೇಗೂ ಹಾಕಿಸಿಕೊಳ್ಳಲಿದ್ದ ಪ್ಯಾನೆಲ್‌ಗೆ ಸಬ್ಸಿಡಿ ಕೊಟ್ಟರೆ ಇಂಗಾಲ ಒಂದು ಗ್ರಾಂ ಕೂಡ ಕಡಿಮೆಯಾಗುವುದಿಲ್ಲ. ಕ್ಯೋಟೋ ಒಪ್ಪಂದದಡಿ ಬಡ ದೇಶಗಳ ಯೋಜನೆಗಳಿಂದ ಕಾರ್ಬನ್ ಕ್ರೆಡಿಟ್ (ಇಂಗಾಲ ತಗ್ಗಿಸಿದ್ದಕ್ಕೆ ಸಿಗುವ, ಮಾರಬಹುದಾದ ಪತ್ರ) ಕೊಳ್ಳುವ ವ್ಯವಸ್ಥೆಯನ್ನು ಜರ್ಮನಿಯ ಓಕೋ ಇನ್‌ಸ್ಟಿಟ್ಯೂಟ್ 2016ರಲ್ಲಿ ಜಾಲಾಡಿತು. ತಾನು ನೋಡಿದ ಯೋಜನೆಗಳಲ್ಲಿ ಶೇ 85ರಷ್ಟು ನಿಜವಾಗಿ ಹೆಚ್ಚುವರಿ ಕಡಿತ ತಂದಿರುವ ಸಾಧ್ಯತೆ ಕಡಿಮೆ ಎಂದಿತು. ಕಾಗದದಲ್ಲಿ ಅವೆಲ್ಲವೂ ಪರಿಶೀಲನೆಯಾಗಿ, ಮೊಹರು ಬಿದ್ದ ಯೋಜನೆಗಳೇ.

ಆಡಿಟರ್ ಕೈಯಲ್ಲಿ ಇಲ್ಲದ್ದೂ ಬಹಳ ಇದೆ. ಅವರು ಶಿಫಾರಸು ಮಾಡಬಹುದು, ಆದೇಶ ಕೊಡಲಾರರು. ಕಲ್ಲಿದ್ದಲು ಬೇಕಾ ಸೂರ್ಯ ಬೇಕಾ ಎಂಬುದು ಚುನಾಯಿತ ಸರ್ಕಾರದ ನಿರ್ಧಾರ. ವರದಿ ಸದನದಲ್ಲಿ ಮಂಡನೆಯಾಗಬೇಕು, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಕೈಗೆತ್ತಿಕೊಳ್ಳಬೇಕು, ಇಲಾಖೆ ಉತ್ತರ ಕೊಡಬೇಕು. ಅಷ್ಟರಲ್ಲಿ ಅಧಿಕಾರಿ ವರ್ಗವಾಗಿರುತ್ತಾರೆ, ಮಂತ್ರಿ ಬದಲಾಗಿರುತ್ತಾರೆ, ಯೋಜನೆಗೆ ಹೊಸ ಹೆಸರೂ ಬಂದಿರುತ್ತದೆ. ಉತ್ತರ ಐರ್ಲೆಂಡ್‌ನ ಆಡಿಟ್ ವರದಿ ಬಂದದ್ದು ಯೋಜನೆ ಮುಚ್ಚಿದ ಮೇಲೆ, 2016ರ ಜುಲೈನಲ್ಲಿ. ಯೋಜನೆಯಲ್ಲಿ ತಪ್ಪಿದೆ ಎಂದು ಹೊರಗಿನವರೊಬ್ಬರು ಸಚಿವರಿಗೆ ಬರೆದಿದ್ದು 2013ರಲ್ಲೇ! ಜಿಎಒ ತನ್ನ ಶಿಫಾರಸುಗಳಲ್ಲಿ ಯಾವುದು ಜಾರಿಯಾಯಿತು, ಯಾವುದು ಇನ್ನೂ ಬಾಕಿ ಎಂದು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಸಣ್ಣ ಕೆಲಸ ಅನ್ನಿಸಬಹುದು. ಆದರೆ ಆ ಪಟ್ಟಿ ಇದ್ದರೆ ಇಲಾಖೆಗೆ ಸುಮ್ನೆ ಮರೆತುಬಿಡುವುದು ಕಷ್ಟವಾಗುತ್ತದೆ.

ವರದಿ ತಡವಾಗುವುದಕ್ಕೆ ಆಡಿಟರ್ ಒಬ್ಬರನ್ನೇ ದೂರಬೇಕಿಲ್ಲ. ಮುಂಚಿನ ಸ್ಥಿತಿ ಏನಿತ್ತು ಅಂತ ಯಾರೂ ಬರೆದಿಡದಿದ್ದರೆ, ಏನು ಬದಲಾಯಿತು ಅಂತ ಆಮೇಲೆ ಯಾರೂ ಹೇಳಲಾರರು. ಆ ಕೆಲಸ ಯೋಜನೆ ಶುರುವಾಗುವ ದಿನವೇ ಆಗಬೇಕು. ಈಗ ನಡೆಯುತ್ತಿರುವುದನ್ನೇ ತೆಗೆದುಕೊಳ್ಳಿ. ಭಾರತ 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಶುರು ಮಾಡಿತು. 75,021 ಕೋಟಿ ರೂಪಾಯಿ, 1 ಕೋಟಿ ಮನೆಗಳ ಚಾವಣಿ ಮೇಲೆ ಸೋಲಾರ್, ಮನೆಗೆ ಗರಿಷ್ಠ 78,000 ರೂಪಾಯಿ ಸಬ್ಸಿಡಿ. ಎಷ್ಟು ಮನೆ ಆಯಿತು ಎಂಬ ಎಣಿಕೆ ಆಗಾಗ ಪ್ರಕಟವಾಗುತ್ತದೆ. ಅದರ ಜೊತೆಗೆ ಇನ್ನೂ ಮೂರು ಅಂಕಿ ಬೇಕು. ಪ್ಯಾನೆಲ್ ಹಾಕುವ ಮುಂಚೆ ಆ ಮನೆ ಗ್ರಿಡ್‌ನಿಂದ ಎಷ್ಟು ಯೂನಿಟ್ ತೆಗೆದುಕೊಳ್ಳುತ್ತಿತ್ತು, ಹಾಕಿದ ಮೇಲೆ ಎಷ್ಟು, ಐದನೇ ವರ್ಷ ಇನ್ವರ್ಟರ್ ಓಡುತ್ತಿದೆಯಾ. ಮೊದಲೆರಡು ವಿದ್ಯುತ್ ಕಂಪನಿಗಳ ಮೀಟರ್ ಪುಸ್ತಕದಲ್ಲೇ ಇವೆ, ತೆಗೆದು ಜೋಡಿಸಬೇಕಷ್ಟೆ. ಮೂರನೆಯದಕ್ಕೆ ಯಾರಾದರೂ ಚಾವಣಿ ಹತ್ತಿ ನೋಡಬೇಕು, ಮತ್ತು ಹತ್ತುವವರ ಸಂಬಳಕ್ಕೆ ಬಜೆಟ್‌ನಲ್ಲಿ ಒಂದು ಸಾಲು ಈಗಲೇ ಇರಬೇಕು.